ಬೋಕಿಯು ನುಡಿಯುವ ಸಾಕ್ಷ್ಯ

ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ತತ್ತ್ವವನ್ನು ಬೋಧಿಸುವಾಗ ಮಣ್ಣನ್ನೇ ದೃಷ್ಟಾಂತವಾಗಿ ಹಿಡಿದನು. ಆಕಾರಗಳು ಹಲವಾದರೂ ಮಣ್ಣು ಒಂದೇ ಎಂಬುದು ಅಲ್ಲಿಯ ತಾತ್ಪರ್ಯ. ಈ ಕಾಲದ ಪ್ರಾಕ್ತನಶಾಸ್ತ್ರಜ್ಞರು ಆ ದೃಷ್ಟಾಂತದ ಇನ್ನೊಂದು ಮುಖವನ್ನು ಕಂಡಿರುವರು. ಆಕಾರವು ಒಂದೇ ಆಗಿದ್ದರೂ ಮಣ್ಣು ಬೇರೆಯಾಗಿರಬಹುದು; ಮಡಕೆಯ ಹುಟ್ಟೂರನ್ನು ತಿಳಿಸುವುದು ಆ ಮಣ್ಣೇ.

ಕುಂಬಾರನು ಮಣ್ಣನ್ನು ಬಹುದೂರದಿಂದ ತರುವುದು ವಿರಳ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಎರೆಭೂಮಿಯು ಬಹುಮಟ್ಟಿಗೆ ಜ್ವಾಲಾಮುಖಿಯ ಕರಿಗಲ್ಲು ಸವೆದು ಆದುದು. ಕಣಶಿಲೆಯ ಸೀಮೆಯ ಮಣ್ಣಿನಲ್ಲಾದರೋ ಬೆಣಚು, ಅಭ್ರಕಗಳ ಹರಳುಗಳುಂಟು. ಆವಿಗೆಯ ಉರಿಯೂ ಈ ಗುರುತುಗಳನ್ನು ಪೂರ್ತಿಯಾಗಿ ಅಳಿಸಲಾರದು. ಬೋಕಿಯ ಚೂರನ್ನು 0.03 ಮಿಲಿಮೀಟರು ದಪ್ಪಕ್ಕೆ ತೇದು ಸೂಕ್ಷ್ಮದರ್ಶಕದಲ್ಲಿಟ್ಟರೆ ಆ ಹರಳುಗಳು ಕಾಣುವವು. ಕ್ಷ-ಕಿರಣಗಳಿಂದ ಖನಿಜಗಳನ್ನೂ, ರಾಸಾಯನಿಕ ಪೃಥಕ್ಕರಣದಿಂದ ಅತ್ಯಲ್ಪ ಪ್ರಮಾಣದ ಧಾತುಗಳನ್ನೂ ಗುರುತಿಸಬಹುದು.

ಇದಕ್ಕೊಂದು ನಿದರ್ಶನ. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿಯೂ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಮಾರ್ಟಿಮರ್ ವ್ಹೀಲರರು ಅಗೆತ ನಡೆಸಿದಾಗ, ಒಳತಳದಲ್ಲಿ ಸಣ್ಣ ಗುರುತುಗಳ ವರ್ತುಲಗಳನ್ನು ಒತ್ತಿದ ನುಣುಪಾದ ತಟ್ಟೆಗಳ ತುಣುಕುಗಳು ದೊರೆತವು. ಅರಿಕಮೇಡಿನಲ್ಲಿ ರೋಮದ ವಸ್ತುಗಳೂ ಇದ್ದುದರಿಂದ, ಈ ಅಲಂಕರಣವು ಯವನರ ನಾಡಿನಿಂದ ಬಂದ ವಿದ್ಯೆಯೆಂದು ಅವರು ಊಹಿಸಿದರು. 1997ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಗೋಗಟೆಯವರು ಹಲವು ನೆಲೆಗಳ ಇಂಥ ತುಣುಕುಗಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿ, ಅವುಗಳ ಮಣ್ಣು ವಂಗದೇಶದ ಚಂದ್ರಕೇತುಗಢ–ತಾಮ್ರಲಿಪ್ತಿ ಪ್ರಾಂತದ್ದೆಂಬ ನಿರ್ಣಯಕ್ಕೆ ಬಂದರು. ವಿದ್ಯೆಯ ಮೂಲವೇನೇ ಇರಲಿ, ತಟ್ಟೆಯನ್ನು ತಿದ್ದಿದ ಕೈ ನಮ್ಮ ದೇಶದ್ದೆಂದಾಯಿತು. ನಿಜವಾಗಿ ಕಡಲಾಚೆಯಿಂದ ಬಂದ ಕೊಡಗಳನ್ನೂ ಮಣ್ಣೇ ಹಿಡಿದುಕೊಟ್ಟಿದೆ. ಅರಿಕಮೇಡಿನ ಕೆಲವು ದ್ರಾಕ್ಷಾರಸದ ಕೊಡಗಳಲ್ಲಿ ಇಟಲಿಯ ವೆಸೂವಿಯಸ್ ಪರ್ವತದ ಕಡೆಯ ಕರಿಮರಳು ಕಂಡಿತು.

ಇನ್ನು ನಮ್ಮ ಸೀಮೆಯ ಮಾತು. ಉತ್ತರಕ್ಕೆ ಕೊಲ್ಲಾಪುರದ ಬ್ರಹ್ಮಪುರಿಯಲ್ಲಿ ರೋಮದ ಸಮುದ್ರದೇವನ ಕಂಚಿನ ಮೂರ್ತಿಯು ಸಿಕ್ಕಿದೆ. ದಕ್ಷಿಣಕ್ಕೆ ಬೆಳಗಾವಿಯ ವಡಗಾಂವ–ಮಾಧವಪುರದಲ್ಲಿ ಶಾತವಾಹನರ ಕಾಲದ ಪಟ್ಟಣವು ಹೊರಪಟ್ಟಿದೆ. ನಡುವಣ ನಮ್ಮ ಹೊಲಗಳ ಮೇಲೆ ಹಾದುಹೋದ ಸರಕು ಯಾವುದು? ಬೋಕಿಗಳು ಹೇಳಬಲ್ಲವು. ಆದರೆ ಕೃಷ್ಣೆಯ ದಡದ ಹೂಳು ಬಹುದೂರ ಒಂದೇ ಬಗೆಯದಾದ್ದರಿಂದ, ಕಾಗವಾಡದ ಮಡಕೆಯನ್ನು ಅಥಣಿಯದರಿಂದ ಬೇರ್ಪಡಿಸುವುದು ಸುಲಭವಲ್ಲ. ಹೋಲಿಸಿ ನೋಡಲು ಇಂದಿನ ಕುಂಬಾರರ ಮಣ್ಣಿನ ಮಾದರಿಗಳು ಬೇಕು. ಯಾವ ಹಳ್ಳದ ಮಣ್ಣು, ಅದಕ್ಕೆ ಎಷ್ಟು ಮರಳು ಎಂಬುದನ್ನು ಬಲ್ಲವರು ಅವರೇ. ಅವರ ತಿಗುರಿ ನಿಂತ ಊರಿನಲ್ಲಿ ಶಾಸ್ತ್ರಜ್ಞನ ಒರೆಗಲ್ಲೂ ಹೋದಂತೆಯೇ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಹಾಳುದಿಬ್ಬದ ಮಣ್ಣನ್ನು ಗೊಬ್ಬರಕ್ಕೆಂದು ಹೇರುವ ಮೊದಲು ಕಣ್ಣಿಟ್ಟು ನೋಡಿರಿ. ಬೋಕಿಗಳು ಕಂಡರೆ ಕೆದಕದೆ, ಯಾವ ಹೊಲ, ಎಷ್ಟು ಆಳ ಎಂದು ಬರೆದಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಎಲ್ಲಿ ಸಿಕ್ಕಿತೆಂಬುದು ತಿಳಿಯದಿದ್ದರೆ, ಬೋಕಿಯು ತನ್ನ ಹುಟ್ಟೂರನ್ನು ಹೇಳಿದರೂ ಪಯಣದ ಕಥೆಯನ್ನು ಹೇಳಲಾರದು.