ಉಪ್ಪಿಕ್ಕಿದವರು ಯಾರು?

ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ ಎಂಬ ಗಾದೆಯನ್ನು ನಮಗೆ ಎರಡು ಕಡೆ ಕಲಿಸಿದರು. ಒಂದು, ಇಸ್ಕೂಲಿನ ಕರಿಹಲಗೆಯ ಮೇಲೆ, ವಿಸ್ತರಿಸಿ ಬರೆಯಿರಿ ಎಂದು. ಇನ್ನೊಂದು, ಗೌಡರ ಜಗಲಿಯ ಕೆಳಗೆ, ಅಪ್ಪನ ಪಕ್ಕ ಕೈಕಟ್ಟಿ ನಿಂತಾಗ. ಎರಡು ಕಡೆಯೂ ಯಾರೂ ಕೇಳದ ಪ್ರಶ್ನೆಯನ್ನು ನಾವೀಗ ಕೇಳುತ್ತಿದ್ದೇವೆ. ಸ್ವಾಮಿ, ಉಪ್ಪಿಕ್ಕಿದವರು ಯಾರು? ಹೊಲ ಉತ್ತವನು ನಮ್ಮಪ್ಪ, ಕಳೆ ಕಿತ್ತವಳು ನಮ್ಮವ್ವ, ಕಣದಲ್ಲಿ ಧೂಳು ಕುಡಿದವರು ನಮ್ಮಣ್ಣಂದಿರು. ಹಿತ್ತಲ ಬಾಗಿಲಲ್ಲಿ ಮುಟ್ಟಿಸದಂತೆ ಎತ್ತಿ ಹಾಕಿದ ತಂಗಳು ಮುದ್ದೆ ನಾವೇ ಬೆಳೆದ ರಾಗಿಯದು. ಅದಕ್ಕೆ 'ಅಡ್ಡಬಿದ್ದೆ ಬುದ್ದಿ' ಅಂತ ನೆಲಕ್ಕೆ ಹಣೆ ಹಚ್ಚಿದವರೂ ನಾವೇ. ಉಪಕಾರ ಮಾಡಿದವನು ಕೈಮುಗಿಯಬೇಕು, ಪಡೆದವನು ಎಲೆಅಡಿಕೆ ಜಗಿಯುತ್ತ ತಲೆದೂಗಬೇಕು. ಇದು ಈ ನಾಡಿನ ಕೃತಜ್ಞತೆಯ ವ್ಯಾಕರಣ.

ಜೀತ ನಿಂತದ್ದು ಈ ವ್ಯಾಕರಣದ ಮೇಲೇ. ಮದುವೆಗೋ ಮಣ್ಣಿಗೋ ತಂದ ನಾಕು ಕಾಸಿಗೆ ತಾತ ಹೆಬ್ಬೆಟ್ಟು ಒತ್ತಿದ, ಅಪ್ಪ ದುಡಿದ, ಮೊಮ್ಮಗ ಕೊಟ್ಟಿಗೆಯ ಸಗಣಿ ಬಾಚಿದ. ಯಾಕೆ ಅಂತ ಕೇಳಿದರೆ 'ಕಷ್ಟಕಾಲಕ್ಕೆ ಆದೋರ್ನ ಮರೀಬಾರ್ದು ಕಣ್ಲಾ' ಎಂಬ ಉತ್ತರ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಆ ಸಾಲವೆಲ್ಲ ಚುಕ್ತಾ ಎಂದು ಸಾರಿತು. ಸಾಲದ ಚೀಟಿ ಹರಿಯಿತು, ಗಾದೆ ಹರಿಯಲಿಲ್ಲ. ಇವತ್ತು ಅದೇ ಗಾದೆ ಬೇರೆ ಅಂಗಿ ಹಾಕಿಕೊಂಡು ಬಂದಿದೆ. ಮೀಸಲಾತಿಯಲ್ಲಿ ಓದಿದವನು ಜೀವನಪೂರ್ತಿ ತಲೆತಗ್ಗಿಸಿ ನಡೆಯಬೇಕಂತೆ. 2013ರಲ್ಲಿ ದೇಶಕ್ಕೆ ಆಹಾರ ಭದ್ರತೆಯ ಕಾಯಿದೆ ಬಂತು, ಅದೇ ವರ್ಷ ಇಲ್ಲಿ ಪಡಿತರದ ಅಕ್ಕಿಗೆ 'ಅನ್ನಭಾಗ್ಯ' ಅಂತ ಹೆಸರು ಬಿತ್ತು. ಅಕ್ಕಿ ಬೇಡ ಅನ್ನುವ ಹೊಟ್ಟೆ ನಮ್ಮದಲ್ಲ. ಆದರೆ ಹಕ್ಕು ಅನ್ನುವ ಎರಡಕ್ಷರ ಇರುವಾಗ ಭಾಗ್ಯ ಯಾಕೆ? ಭಾಗ್ಯ ಎಂದ ಕೂಡಲೇ ಕೈಗಳು ತಾವಾಗಿ ಜೋಡುತ್ತವೆ, ಅದಕ್ಕೆ.

ಪುರೋಹಿತಶಾಹಿಯ ಲೆಕ್ಕವನ್ನೂ ಒಮ್ಮೆ ನೋಡಿ. ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ ಎಂದು ಅವರ ಶಾಸ್ತ್ರ. ದೇವಋಣ, ಋಷಿಋಣ, ಪಿತೃಋಣ. ಯಜ್ಞದಿಂದ ಒಂದು, ಓದಿನಿಂದ ಒಂದು, ಗಂಡುಮಗನನ್ನು ಹುಟ್ಟಿಸಿ ಇನ್ನೊಂದು ತೀರುತ್ತದಂತೆ. ಹೆತ್ತವಳ ಹೆಸರಿನ ಋಣ ಈ ಪಟ್ಟಿಯಲ್ಲಿಲ್ಲ. ಅನ್ನ ಬೆಳೆದವನದೂ ಇಲ್ಲ, ಚಪ್ಪಲಿ ಹೊಲಿದವನದೂ ಇಲ್ಲ. ತಾಯಿಯೇ ದೇವರು ಎಂದು ಭಾಷಣ ಬಿಗಿಯುವವರು ಇದಕ್ಕೆ ಉತ್ತರ ಹೇಳಲಿ. ದೇವರು ಮಾಡಿಬಿಟ್ಟರೆ ಒಂದು ಅನುಕೂಲವಿದೆ: ದೇವರು ಉಂಡಿತೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ.

ನಮ್ಮ ಕೇರಿಯಲ್ಲಿ ಧನ್ಯವಾದ ಎಂಬ ಪದವಿಲ್ಲ. ಆದ್ದರಿಂದ ಈ ಜನಕ್ಕೆ ಉಪಕಾರಸ್ಮರಣೆಯೇ ಇಲ್ಲ ಎನ್ನುವ ಪಂಡಿತರಿಗೆ ಕಿವಿ ಇಲ್ಲ, ಅಷ್ಟೆ. ಸೌದೆ ಹೊರೆ ಇಳಿಸಿಕೊಟ್ಟ ಹುಡುಗನಿಗೆ ಮುದುಕಿ 'ನಿನ್ ಹೊಟ್ಟೆ ತಣ್ಣಗಿರ್ಲಿ ಕಣ್ಮಗ' ಅನ್ನುತ್ತಾಳೆ. ಹೊಟ್ಟೆ ಉರಿದದ್ದು ಗೊತ್ತಿರುವವರ ಬಾಯಿಂದ ಮಾತ್ರ ಬರುವ ಮಾತು ಅದು. 'ನಿನ್ ಹೆಸ್ರೇಳ್ಕಂಡು ಒಂದ್ ಲೋಟ ನೀರ್ ಕುಡೀತೀನಿ' ಅನ್ನುತ್ತಾರೆ. ಬಾವಿ ಮುಟ್ಟಗೊಡದ ಊರಿನಲ್ಲಿ ನೀರಿನ ಲೋಟದ ಮೇಲೆ ಒಬ್ಬರ ಹೆಸರು ಹೇಳುವುದೆಂದರೆ ಏನು ಅಂತ ಯೋಚಿಸಿ. ಪಕ್ಕದ ಗುಡಿಸಲಿನಿಂದ ಸಾರು ಬಂದ ಬಟ್ಟಲು ಬರಿದಾಗಿ ವಾಪಸ್ಸು ಹೋಗುವುದಿಲ್ಲ, ಎರಡು ಹಸಿಮೆಣಸಿನಕಾಯಾದರೂ ಅದರೊಳಗೆ ಕೂತಿರುತ್ತವೆ. ಸಾವಾದ ಮನೆಯಲ್ಲಿ ಒಲೆ ಹಚ್ಚಗೊಡದೆ ಅಕ್ಕಪಕ್ಕದವರು ಅನ್ನ ಹೊರುತ್ತಾರೆ. ಅವರಿಗೆ ಯಾರೂ ಕೈಮುಗಿಯುವುದಿಲ್ಲ. ಅವರ ಮನೆಯಲ್ಲಿ ಸಾವಾದಾಗ ಅನ್ನ ಹೊತ್ತು ಹೋಗುತ್ತಾರೆ.

ಮುಯ್ಯಿ ಎಂಬ ಮಾತು ಇಲ್ಲಿಯದು. ಇವತ್ತು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮದಕ್ಕೆ ನೀವು, ಅದು ಮುಯ್ಯಾಳು. ನಮ್ಮ ಮದುವೆಗೆ ನೀವು ಇಟ್ಟದ್ದನ್ನು ನಿಮ್ಮ ಮದುವೆಗೆ ನಾವು ಇಡುತ್ತೇವೆ, ಅದೂ ಮುಯ್ಯಿ. ಮುಯ್ಯಿಗೆ ಬಡ್ಡಿಯಿಲ್ಲ, ಹೆಬ್ಬೆಟ್ಟಿಲ್ಲ, ಒಬ್ಬ ಜಗಲಿಯ ಮೇಲೆ ಇನ್ನೊಬ್ಬ ಅಂಗಳದಲ್ಲಿ ಅನ್ನುವುದೂ ಇಲ್ಲ. ಗೌಡನಿಗೆ ತೀರಿಸಿದ್ದು ಋಣ, ಒಡನಾಡಿಗೆ ತೀರಿಸಿದ್ದು ಮುಯ್ಯಿ. ಈ ಎರಡನ್ನೂ ಕೃತಜ್ಞತೆ ಎಂಬ ಒಂದೇ ಸಂಸ್ಕೃತ ಪದದ ಗೋಣಿಗೆ ತುಂಬಿದ್ದೇ ಮೋಸ.

ಹಾಸ್ಟೆಲ್ಲಿನಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಟು ಸಿಗದ ಹುಡುಗನನ್ನು ರೂಮಿನಲ್ಲಿ ಬಚ್ಚಿಟ್ಟುಕೊಂಡು ಒಂದು ತಟ್ಟೆಯ ಅನ್ನವನ್ನು ಇಬ್ಬರು ಉಂಡಿದ್ದೇವೆ. ಇರುವ ಒಂದೇ ಇಸ್ತ್ರಿ ಅಂಗಿ ನಾಲ್ಕು ಮಂದಿಯ ಇಂಟರ್‌ವ್ಯೂಗೆ ಹೋಗಿ ಬಂದಿದೆ. ಅಲ್ಲಿ ಥ್ಯಾಂಕ್ಸ್ ಅಂದುನೋಡಿ, 'ಏನ್ಲಾ, ದೊಡ್ ಮನ್ಸ ಆಗ್ಬುಟ್ಯಾ?' ಅಂತ ಬೆನ್ನಿಗೆ ಗುದ್ದು ಬೀಳುತ್ತದೆ. ಗೆಳೆಯನಿಗೆ ಹಿಂದಿರುಗಿಸುವ ರೀತಿಯೇ ಬೇರೆ. ಮುಂದಿನ ವರ್ಷ ಬರುವ ಹುಡುಗನಿಗೆ ನೋಟ್ಸು ಕಟ್ಟಿಡುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುವುದು, ಗೆಳೆಯನ ಊರಿನಲ್ಲಿ ಗಲಾಟೆಯಾದಾಗ ರಾತ್ರಿ ಬಸ್ಸು ಹತ್ತಿ ಹೋಗಿ ಠಾಣೆಯಲ್ಲಿ ದೂರು ಬರೆದುಕೊಡುವುದು.

ಬಾಬಾಸಾಹೇಬರು ಕೃತಜ್ಞತೆ ಸಲ್ಲಿಸಿದ ರೀತಿಯನ್ನು ನಮ್ಮವರು ಸರಿಯಾಗಿ ಓದಿಕೊಂಡಿಲ್ಲ. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ಬಂದಾಗ ಅದನ್ನು ತೀರಿಹೋದ ತಾಯಿ ತಂದೆಗೆ ಅರ್ಪಿಸಿದರು. ಓದಿಗೆ ನೆರವಾದ ಬರೋಡದ ಮಹಾರಾಜರಿಗೆ 1925ರ ಪುಸ್ತಕ. ಆ ನೆರವಿಗೆ ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡಬೇಕೆಂಬ ಕರಾರಿತ್ತು. ಅದನ್ನು ತೀರಿಸಲೆಂದೇ 1917ರಲ್ಲಿ ಬರೋಡಕ್ಕೆ ಹೋದವರನ್ನು ತಂಗಿದ್ದ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಅವರು ಕೆಲಸ ಬಿಟ್ಟು ಬಂದರು, ಆದರೂ ಮಹಾರಾಜರನ್ನು ಮರೆಯಲಿಲ್ಲ. ಉಪಕಾರ ನೆನೆಯುವುದು ಬೇರೆ, ಅವಮಾನ ನುಂಗಿ ಅಲ್ಲೇ ಬಿದ್ದಿರುವುದು ಬೇರೆ. 1935ರಲ್ಲಿ ತೀರಿಕೊಂಡ ರಮಾಬಾಯಿಗೆ ಪಾಕಿಸ್ತಾನದ ಪ್ರಶ್ನೆ ಕುರಿತ ಗ್ರಂಥವನ್ನು ಅರ್ಪಿಸಿ, ಗೆಳೆಯರಿಲ್ಲದ ಬಡತನದ ದಿನಗಳಲ್ಲಿ ಆಕೆ ಜೊತೆಗೆ ಸಹಿಸಿದ್ದನ್ನು ನೆನೆದರು. ರಾಜಕಾರಣದ ದಪ್ಪ ಪುಸ್ತಕದ ಮೊದಲ ಪುಟದಲ್ಲಿ ಬೆರಣಿ ತಟ್ಟಿದ ಹೆಂಗಸಿನ ಹೆಸರು! ಇನ್ನು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಐರಿಷ್ ನಾಯಕ ಓಕಾನೆಲ್‌ನನ್ನು ನೆನೆದು ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ದೊಡ್ಡವರಿಗೆ ಕೃತಜ್ಞರಾಗಿರುವುದು ತಪ್ಪಲ್ಲ, ಆದರೆ ಅದಕ್ಕೊಂದು ಮಿತಿ ಇದೆ, ಮಾನ ಅಡವಿಟ್ಟು ಯಾರೂ ಕೃತಜ್ಞರಾಗಲಾರರು.

ಈಗ ಮಾತು ಮನೆಯೊಳಗೆ ಬರಲಿ. ನಮ್ಮಲ್ಲಿ ಓದಿ ನೌಕರಿ ಹಿಡಿದ ಕೆಲವು ಅಣ್ಣಂದಿರು ಸನ್ಮಾನದ ವೇದಿಕೆ ಹತ್ತಿದಾಗ ಶಾಸಕರಿಗೆ, ಡಿಸಿ ಸಾಹೇಬರಿಗೆ, ಮೈಕ್‌ಸೆಟ್ಟಿನವರಿಗೆ, ಶಾಮಿಯಾನದವರಿಗೆ ವಂದನೆ ಅರ್ಪಿಸುತ್ತಾರೆ. ಅವ್ವ ಹಿಂದಿನ ಸಾಲಿನಲ್ಲಿ ನಿಂತಿರುತ್ತಾಳೆ, ಕುರ್ಚಿ ಖಾಲಿ ಇದ್ದರೂ. ತಾಯಂದಿರ ದಿನ ಬಂದರೆ ಮೊಬೈಲಿನ ಸ್ಟೇಟಸ್ಸಿನಲ್ಲಿ ಅವಳ ಫೋಟೋ ಬರುತ್ತದೆ. ಅವಳ ಮೊಬೈಲಿನಲ್ಲಿ ಸ್ಟೇಟಸ್ ಇಲ್ಲ, ಬಟನ್ನು ಮಾತ್ರ. ಉಂಡ ತಟ್ಟೆ ಅಲ್ಲೇ ಇರುತ್ತದೆ, ತೊಳೆಯುವವಳೂ ಅವಳೇ. ಬಾಯಿಮಾತಿನ ಥ್ಯಾಂಕ್ಸ್ ಬೇಡ ಎಂದು ನಾವು ಹೇಳುತ್ತಿಲ್ಲ. ಊರವರಿಂದ ಏಕವಚನದಲ್ಲೇ ಕರೆಸಿಕೊಂಡು ಮುದುಕಿಯಾದವಳ ಕಿವಿಗೆ ಮಗನ ಬಾಯಿಂದ ಒಂದು ಒಳ್ಳೆ ಮಾತು ಬೀಳಲಿ. ತಟ್ಟೆಯನ್ನೂ ತೊಳೆಯಲಿ.

ಇದಕ್ಕಿಂತ ದೊಡ್ಡದು ಅಕ್ಕಂದಿರ ಲೆಕ್ಕ. ಮಗನ ಪುಸ್ತಕಕ್ಕಾಗಿ ರಾಮಜಿ ಸಕ್ಪಾಲರು ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಒಡವೆ ತಂದು ಅಡವಿಟ್ಟು, ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದರೆಂದು ಬಾಬಾಸಾಹೇಬರೇ ನೆನೆದಿದ್ದಾರೆ. ಅಂಥ ಅಕ್ಕ ಪ್ರತಿ ಕೇರಿಯಲ್ಲೂ ಇದ್ದಾಳೆ. ತಮ್ಮ ಓದಲಿ ಅಂತ ಏಳನೇ ಕ್ಲಾಸಿಗೇ ಬ್ಯಾಗು ಮೂಲೆಗಿಟ್ಟು ಗಾರ್ಮೆಂಟ್ಸಿನ ವ್ಯಾನು ಹತ್ತಿದವಳು, ಬೀಡಿ ಕಟ್ಟಿದವಳು. ಅವಳಿಗೆ ಗೌರಿಹಬ್ಬಕ್ಕೆ ಒಂದು ಸೀರೆ, ಬಾಗಿನ. ಸರಿ. ಆಮೇಲೆ ಒಂದು ದಿನ ಅದೇ ತಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾನೆ. ಅಪ್ಪನ ಎರಡೆಕರೆಯಲ್ಲಿ ಅವಳದೂ ಒಂದು ಪಾಲು. ಹಿಂದೂ ಉತ್ತರಾಧಿಕಾರ ಕಾಯಿದೆಯನ್ನು ಕರ್ನಾಟಕ 1994ರಲ್ಲೇ ತಿದ್ದಿತು, 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂತು. ಮಗನಂತೆ ಮಗಳೂ ಪಾಲುದಾರಳು. ಕಾನೂನು ಗೊತ್ತಿದ್ದೇ ಸಹಿ ಕೇಳುತ್ತಾರೆ, ಓದಿದವರಲ್ಲವೆ! 'ನಿನ್ಗ್ಯಾಕಕ್ಕ, ತವರು ಬಾಗ್ಲು ಯಾವಾಗ್ಲೂ ತೆಗ್ದಿರ್ತದೆ' ಅನ್ನುತ್ತಾರೆ. ಇದು ಜಗಲಿಯ ಮೇಲಿನ ಮಾತೇ. ಕೊಡಬೇಕಾದವನು ದಾನಿಯಾಗಿ, ಪಡೆಯಬೇಕಾದವಳು ಕೈಚಾಚಿ ನಿಲ್ಲುವ ಅದೇ ವ್ಯಾಕರಣ.

ಆದ್ದರಿಂದ ಈ ಪತ್ರಿಕೆ ಓದುವ ಗೆಳೆಯರಲ್ಲಿ, ಮೇಷ್ಟ್ರುಗಳಲ್ಲಿ, ನಾವು ಕೇಳುವುದು ಇಷ್ಟು. ಈ ಏಪ್ರಿಲ್ 14ಕ್ಕೆ ಕೇರಿಯಲ್ಲಿ ಪೆಂಡಾಲು ಹಾಕಿದಾಗ ವಂದನಾರ್ಪಣೆಯನ್ನು ಕೊನೆಗಿಡಬೇಡಿ, ಮೊದಲು ಇಡಿ. ಅಡುಗೆ ಮಾಡಿದವರ ಹೆಸರು ಓದಿ, ಓದು ಬಿಟ್ಟು ಓದಿಸಿದವರ ಹೆಸರು ಓದಿ, ಅವರನ್ನು ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿ. ಶಾಸಕರು ಬಂದರೆ ಅವರಿಗೂ ಜಾಗ ಇದ್ದೇ ಇರುತ್ತದೆ, ಹಿಂದೆ. ಮಾರನೇ ದಿನ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ ನೋಡಿ. ಅದರಲ್ಲಿ ಅಕ್ಕನ ಹೆಸರು ಇದೆಯೋ ಇಲ್ಲವೋ?