ಚಂದ್ರನ ಮೇಲಿನ ಊರು: ವರ್ಣನೆಯೋ ಪುರಾವೆಯೋ?

ಕಡೂರು ತಾಲ್ಲೂಕಿನ ದೇವನೂರೆಂದರೆ ಲಕ್ಷ್ಮೀಕಾಂತನ ಗುಡಿಯೂ ಲಕ್ಷ್ಮೀಶ ಕವಿಯೂ ಒಟ್ಟಿಗೇ ನೆನಪಾಗುತ್ತಾರೆ. ‘ಜೈಮಿನಿ ಭಾರತ’ದಲ್ಲಿ ಯಜ್ಞದ ಕುದುರೆ ರಾಜ್ಯದಿಂದ ರಾಜ್ಯಕ್ಕೆ ನಡೆಯುತ್ತದೆ, ಅದರೊಂದಿಗೆ ನಗರವರ್ಣನೆಗಳೂ ಬರುತ್ತವೆ. ಆ ಕೋಟೆ, ಉಪವನ, ಉಪ್ಪರಿಗೆಗಳನ್ನು ಅಳತೆಪಟ್ಟಿ ಹಿಡಿದು ಹುಡುಕಲು ಯಾರೂ ಹೊರಡುವುದಿಲ್ಲ. ಸಿಗಲಿಲ್ಲವೆಂದು ಕವಿಯನ್ನು ಸುಳ್ಳುಗಾರನೆನ್ನುವುದೂ ಇಲ್ಲ. ಕಾವ್ಯದ ಮುಂದೆ ಇಷ್ಟು ವಿವೇಕ ತೋರುವ ವಿದ್ವತ್ತು, ಚಂದ್ರನ ಮೇಲೆ ಊರು ಕಟ್ಟಿದಂತೆ ಬರೆದ ಹಳೆಯ ಚಿತ್ರವೊಂದನ್ನು ಕಂಡೊಡನೆ ಅದನ್ನು ಕಳೆದುಕೊಳ್ಳುವುದೇಕೆ?

ಮನುಷ್ಯ ಚಂದ್ರನ ಮೇಲೆ ಕಾಲಿಡುವ ಮೊದಲೇ ಇಂಥ ಚಿತ್ರಗಳು ಧಾರಾಳವಾಗಿ ಬಂದಿದ್ದವು. 1952ರ ಅಕ್ಟೋಬರಿನಲ್ಲಿ ಅಮೆರಿಕದ ‘ಕಾಲಿಯರ್ಸ್’ ಪತ್ರಿಕೆ ವರ್ನರ್ ಫಾನ್ ಬ್ರೌನ್ ಅವರ ಯೋಜನೆಯನ್ನು ಪ್ರಕಟಿಸಿತು: ಮೂರು ನೌಕೆ, 50 ಜನ, ಆರು ವಾರಗಳ ವಾಸ. ಅದಕ್ಕೆ ಚಿತ್ರ ಬರೆದವರಲ್ಲಿ ಚೆಸ್ಲಿ ಬೋನ್‌ಸ್ಟೆಲ್ ಪ್ರಮುಖರು. ಅವರು ಬರೆದ ಚಂದ್ರನ ಬೆಟ್ಟಗಳೆಲ್ಲ ಗರಗಸದ ಹಲ್ಲುಗಳಂತೆ ಚೂಪು. 1971ರಲ್ಲಿ ಅಪೊಲೊ 15ರ ಯಾತ್ರಿಗಳು ತಂದ ಛಾಯಾಚಿತ್ರಗಳಲ್ಲಿ ಕಂಡದ್ದು ಸವೆದು ದುಂಡಗಾದ ಗುಡ್ಡಗಳು. ಚಿತ್ರಕಾರ ಸೋತನೆಂದು ನಗುವವರು ಕಾವ್ಯಮೀಮಾಂಸೆಯನ್ನು ಮರೆತಿದ್ದಾರೆ. ಚಕೋರ ಬೆಳುದಿಂಗಳು ಕುಡಿಯುವುದು ಹೇಗೆ ಕವಿಸಮಯವೋ ಆ ಚೂಪು ಶಿಖರವೂ ಹಾಗೆಯೇ. ಅಷ್ಟಾದಶ ವರ್ಣನೆಗಳಲ್ಲಿ ನಗರವೂ ಉಂಟು, ಚಂದ್ರೋದಯವೂ ಉಂಟು. ಈ ಚಿತ್ರಕಾರರು ಎರಡನ್ನೂ ಒಂದೇ ಪಟಕ್ಕೆ ತಂದರು, ಬಾನಿನಲ್ಲಿ ಚಂದ್ರನ ಬದಲು ಭೂಮಿಯನ್ನಿಟ್ಟರು, ಅಷ್ಟೇ.

ವರ್ಣನೆಯ ಹಿಂದೆ ಆಶ್ರಯದಾತನೂ ಇರುತ್ತಾನೆ. ಆಸ್ಥಾನಕವಿಯ ನಗರ ಅರಸನ ಕಿವಿಗಾದರೆ, ಈ ಚಿತ್ರಗಳು ಖಜಾನೆಯ ಬೀಗದ ಕೈ ಹಿಡಿದವರ ಕಣ್ಣಿಗೆ. 1959ರಲ್ಲಿ ಅಮೆರಿಕದ ಭೂಸೇನೆ ‘ಹೊರೈಜನ್’ ಎಂಬ ಯೋಜನೆ ಸಿದ್ಧಪಡಿಸಿತು. 1966ರೊಳಗೆ ಚಂದ್ರನ ಮೇಲೆ 12 ಮಂದಿಯ ಠಾಣೆ ಹೂಡುವುದು ಅದರ ಗುರಿ. ವಾಸಕ್ಕೆ ಮಣ್ಣಿನಡಿ ಹೂತ ಲೋಹದ ಉರುಳೆಗಳು. ಇದನ್ನೆಲ್ಲ ಮುಗ್ಧ ಕನಸೆಂದು ಬರೆಯುವುದು ಪ್ರಶಸ್ತಿಶಾಸನವನ್ನು ಇತಿಹಾಸವೆಂದೇ ಓದಿದಂತೆ.

ನಗುವವರಿಗಿಂತ ಹೆಚ್ಚಿನ ಅಪಾಯ ಹೆಮ್ಮೆಪಡುವವರಿಂದ. ‘ಚಂದ್ರನೆಲೆಯನ್ನು ಜೈನಾಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದಾರೆ’ ಎಂಬ ವಾದಕ್ಕೆ, 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಮೇಲಂತೂ, ಸಭೆಗಳಲ್ಲಿ ಚಪ್ಪಾಳೆ ಸುಲಭ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ತ್ರಿಲೋಕಸಾರ’ವನ್ನು ತೆರೆದವರು ಹೀಗೆನ್ನಲಾರರು. ಆ ಪರಂಪರೆಯಲ್ಲಿ ಚಂದ್ರನೇ ಒಂದು ವಿಮಾನ: ನೆಲದಿಂದ 880 ಯೋಜನ ಮೇಲೆ, 56/61 ಯೋಜನ ವ್ಯಾಸ, ಸಿಂಹ, ಆನೆ, ಎತ್ತು, ಕುದುರೆಗಳ ರೂಪದಲ್ಲಿ ಅದನ್ನು ಹೊರುವ 16,000 ದೇವತೆಗಳು. ಅಲ್ಲಿರುವವರು ಜ್ಯೋತಿಷ್ಕ ದೇವರು. ಮನುಷ್ಯರ ವಸಾಹತಿನ ಸುಳಿವಿಲ್ಲ. ಆಕಾರ ಅರ್ಧಗೋಳವೆಂಬುದನ್ನೇ ಹಿಡಿದು ಗುಮ್ಮಟವೆನ್ನುವವರಿದ್ದಾರೆ. ಆದರೆ ಗ್ರಂಥಗಳು ಹೇಳುವುದು ಉತ್ತಾನ ಅರ್ಧಗೋಳವನ್ನು: ಚಪ್ಪಟೆ ಮುಖ ಮೇಲೆ, ಉಬ್ಬು ಕೆಳಗೆ, ನಗರವೂ ಜಿನಭವನವೂ ಆ ಮೇಲ್ಮುಖದ ಮೇಲೆ. ಪುರಾವೆಯೆಂದು ತಂದದ್ದು ತಲೆಕೆಳಗಾಗಿದೆ!

1969ರ ತರುವಾಯ ಚಂದ್ರಯಾತ್ರೆ ನಡೆದೇ ಇಲ್ಲವೆಂದು ವಾದಿಸಿದ ಜೈನ ಬರಹಗಾರರೂ ಇದ್ದರು. ಅಲ್ಲಗಳೆದವರು, ತಮ್ಮದೆಂದವರು ಇಬ್ಬರದೂ ಒಂದೇ ತಪ್ಪು: ಕರಣಾನುಯೋಗದ ಗ್ರಂಥವನ್ನು ಕಟಕಟೆಯ ಸಾಕ್ಷಿಯಾಗಿ ನಿಲ್ಲಿಸುವುದು. ಇಂದು ಗಗನನೌಕೆಯಿಂದ ಶಾಸ್ತ್ರವನ್ನು ಸರಿಯೆನಿಸಿದವರು ನಾಳೆ ಇನ್ನೊಂದು ನೌಕೆ ಅದನ್ನು ಸುಳ್ಳೆಂದಾಗ ಯಾವ ಬಾಯಿಯಿಂದ ಆಕ್ಷೇಪಿಸುತ್ತಾರೆ?

ಸರಿ ತಪ್ಪು ಪರೀಕ್ಷಿಸಬೇಕಾದ ವಸ್ತು ಬೇರೆಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಇಟ್ಟಿಗೆಯಲ್ಲಿ ಚಂದ್ರನ ಮಣ್ಣನ್ನು ಹೋಲುವ ಪುಡಿ, ಯೂರಿಯಾ, ಗೋರಿಕಾಯಿ ಬೀಜದ ಅಂಟು, ಬ್ಯಾಕ್ಟೀರಿಯಾ ಇವೆ. ಅದನ್ನು ಒತ್ತಿ ಮುರಿದು ನೋಡಬಹುದು. ಬೋನ್‌ಸ್ಟೆಲ್ ಅವರ ಚಿತ್ರಕ್ಕೂ ನೇಮಿಚಂದ್ರರ ಗಾಹೆಗಳಿಗೂ ಆ ಪರೀಕ್ಷೆ ಸಲ್ಲದು.

‘ತ್ರಿಲೋಕಸಾರ’ದಲ್ಲಿ ಸಂಶೋಧಕರಿಗೆ ಕೆಲಸವೇನೂ ಕಡಿಮೆಯಿಲ್ಲ. ಚಂದ್ರನ ವ್ಯಾಸಕ್ಕೆ 56/61, ಸೂರ್ಯನದಕ್ಕೆ 48/61: ಛೇದದಲ್ಲಿ 61 ಏಕೆ ಬಂತು? ಅದೇ ಪರಂಪರೆಯ ಗಣನೆಯಲ್ಲಿ ಸೂರ್ಯನ ಒಂದು ಅಯನಕ್ಕೆ 183 ದಿನ, ಅಂದರೆ 61ರ ಮೂರು ಪಟ್ಟು. ಐದು ವರ್ಷಗಳ ಯುಗಕ್ಕೆ 1830 ದಿನ, 61ರ ಮೂವತ್ತು ಪಟ್ಟು. ಕಾಲದ ಲೆಕ್ಕ ಆಕಾಶದ ಅಳತೆಯೊಳಗೆ ಸೇರಿದ ಬಗೆಯನ್ನು ಕನ್ನಡದ ವಿದ್ಯಾರ್ಥಿಗೆ ತರಗತಿಯಲ್ಲಿ ವಿವರಿಸುವವರು ಎಷ್ಟು ಮಂದಿ? ಗುಮ್ಮಟ ಹುಡುಕುವವರಿಗಂತೂ ಈ ಭಿನ್ನರಾಶಿಯ ಕಡೆ ನೋಡಲು ಬಿಡುವಿಲ್ಲ.