ನಿಲ್ಲಲು ತಾವಿರುವ ದಾರಿ

ದಾರಿ ಇರುವುದು ಹೋಗುವುದಕ್ಕೆ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಹಿಂದಿನವರು ದಾರಿ ಮಾಡುವಾಗ ಹೋಗುವವನನ್ನು ನೆನೆದಷ್ಟೇ ನಿಲ್ಲುವವನನ್ನೂ ನೆನೆದಿದ್ದರು. ಸಾಲುಮರ ನೆಟ್ಟರು, ಬೇಸಗೆಯಲ್ಲಿ ಅರವಟ್ಟಿಗೆ ಇಟ್ಟರು, ತಲೆಹೊರೆ ಇಳಿಸುವುದಕ್ಕೆಂದು ಆಳೆತ್ತರದ ಕಲ್ಲು ನಿಲ್ಲಿಸಿದರು, ಊರ ಮುಂದೆ ಅರಳಿಕಟ್ಟೆ ಕಟ್ಟಿದರು. ಇವೆಲ್ಲ ಪುಣ್ಯದ ಕೆಲಸಗಳೆಂದು ಎಣಿಸಲ್ಪಟ್ಟವು. ದಾರಿಹೋಕನು ದಣಿಯುತ್ತಾನೆ, ಬಾಯಾರುತ್ತಾನೆ ಎಂಬ ಸರಳ ಸತ್ಯವನ್ನು ಒಪ್ಪಿಕೊಂಡ ಜನದ ನಡೆ ಅದು. ಇಂದಿನ ನಗರಗಳಲ್ಲಿ ರಸ್ತೆ ಅಗಲವಾಗಿದೆ, ವೇಗ ಹೆಚ್ಚಿದೆ. ನಿಲ್ಲುವ ತಾವು ಮಾತ್ರ ಇಲ್ಲವಾಗಿದೆ. ಅದನ್ನು ಕಳೆದುಕೊಳ್ಳದೆ ಉಳಿಸಿಕೊಂಡ ದೇಶಗಳಲ್ಲಿ ಬೆಲ್ಜಿಯಂ ಒಂದು.

ಬೆಲ್ಜಿಯಂ ದೊಡ್ಡ ದೇಶವೇನೂ ಅಲ್ಲ. ಕರ್ನಾಟಕದ ಆರರಲ್ಲೊಂದು ಪಾಲಿಗಿಂತಲೂ ಕಿರಿದು. ಉತ್ತರದ ಫ್ಲಾಂಡರ್ಸ್ ಪ್ರದೇಶವಂತೂ ಬಹುಮಟ್ಟಿಗೆ ಅಂಗೈಯಂತೆ ಸಮತಟ್ಟು. ಬೇಸಗೆ ಬಂದಿತೆಂದರೆ ಅಲ್ಲಿ ಎಂಟು ಹತ್ತು ಮಂದಿ ಕೂಡಿಕೊಂಡು ಬೈಸಿಕಲ್ಲುಗಳ ಮೇಲೆ ಒಂದು ವಾರದ ಪ್ರವಾಸ ಹೊರಡುವುದುಂಟು. ದಿನಕ್ಕೆ ನಲವತ್ತೈವತ್ತು ಕಿಲೋಮೀಟರು ದಾರಿ. ನಡುನಡುವೆ ಒಂದೊಂದು ಬಿಯರು ತಯಾರಿಸುವ ಮನೆಯಲ್ಲಿ ನಿಲುಗಡೆ. ಬೈಸಿಕಲ್ಲಿಗೂ ಬಿಯರಿಗೂ ಎಲ್ಲಿಯ ಸಂಬಂಧ, ಒಂದು ಸಮತೋಲ ಬೇಡುವುದು, ಇನ್ನೊಂದು ಸಮತೋಲ ಕೆಡಿಸುವುದು ಎಂದು ಗೃಹಸ್ಥರಾದ ವಾಚಕರು ಹುಬ್ಬು ಗಂಟಿಕ್ಕಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರ ಆ ದಾರಿಯಲ್ಲಿಯೇ ಇದೆ.

ಅಲ್ಲಿ ಬೈಸಿಕಲ್ಲಿನವನಿಗೆ ನಕಾಶೆಯನ್ನು ಬಿಚ್ಚಿ ಮಡಿಸುವ ಕಷ್ಟವಿಲ್ಲ. ದಾರಿಗಳು ಕೂಡುವ ಪ್ರತಿಯೊಂದು ಕವಲಿಗೂ ಒಂದು ಅಂಕೆ. ಆ ಕವಲಿನಲ್ಲಿ ನಿಂತರೆ ಮುಂದಿನ ಕವಲುಗಳ ಅಂಕೆಗಳನ್ನು ಬಾಣದ ಗುರುತಿನೊಡನೆ ತೋರಿಸುವ ಫಲಕ ಕಾಣುತ್ತದೆ. ಹೊರಡುವ ಮುನ್ನ ಚೀಟಿಯೊಂದರಲ್ಲಿ ಐದಾರು ಅಂಕೆಗಳನ್ನು ಬರೆದುಕೊಂಡರೆ ದಿನದ ಪ್ರಯಾಣ ಸಿದ್ಧವಾಯಿತು. 1995ರಲ್ಲಿ ಲಿಂಬರ್ಗ್ ಪ್ರಾಂತದಲ್ಲಿ ಇದು ಮೊದಲಾಯಿತು. ಇದನ್ನು ಕಲ್ಪಿಸಿದ ಹ್ಯೂಗೊ ಬೋಲೆನ್ ಗಣಿ ಇಂಜಿನಿಯರು. ಆ ಪ್ರಾಂತದ ಕೊನೆಯ ಕಲ್ಲಿದ್ದಲ ಗಣಿ 1992ರಲ್ಲಿ ಮುಚ್ಚಿತ್ತು. ನೆಲದಡಿಯ ಕತ್ತಲೆಯಲ್ಲಿ ಕವಲುಗಳಿಗೆ ಅಂಕೆ ಕೊಟ್ಟು ದಾರಿ ತಪ್ಪದಂತೆ ನೋಡಿಕೊಳ್ಳುವ ಗಣಿಯ ಪದ್ಧತಿಯೇ ನೆಲದ ಮೇಲಿನ ಬೆಳಕಿಗೆ ಬಂದಿತೆಂದು ಹೇಳುತ್ತಾರೆ.

ಬೆಂಗಳೂರಿನ ಉತ್ತರದಂಚಿನ ಬಾಗಲಗುಂಟೆಯವರಿಗೆ ಈ ಏರ್ಪಾಡು ತೀರ ಅಪರಿಚಿತವೆನಿಸಲಾರದು. ತುಮಕೂರು ರಸ್ತೆಯಿಂದ ಹೆಸರಘಟ್ಟದ ದಾರಿ ಕವಲೊಡೆಯುವ ತಾಣವನ್ನು ಅವರು ಇಂದಿಗೂ ಎಂಟನೇ ಮೈಲಿ ಎಂದೇ ಕರೆಯುತ್ತಾರೆ. ಮೈಲಿಯ ಲೆಕ್ಕ ಹೋಗಿ ಕಿಲೋಮೀಟರಿನ ಲೆಕ್ಕ ಬಂದು ಎಷ್ಟು ಕಾಲವಾದರೂ ಕಲ್ಲಿನ ಅಂಕೆಯೇ ಊರ ಹೆಸರಾಗಿ ನಿಂತಿದೆ. ಅಂಕೆ ಉಳಿಯಿತು, ಆ ಅಂಕೆಯ ಬಳಿ ಕ್ಷಣಕಾಲ ಕಾಲೂರಿ ನಿಲ್ಲುವ ಸ್ಥಳ ಮಾತ್ರ ಉಳಿಯಲಿಲ್ಲ.

ಗುಂಪಾಗಿ ಬೈಸಿಕಲ್ಲು ಹೊಡೆಯುವುದರಲ್ಲಿ ಒಂದು ಧರ್ಮವಿದೆ. ಹತ್ತು ಮಂದಿಯಲ್ಲಿ ಅತ್ಯಂತ ನಿಧಾನಿಯಾದವನ ವೇಗವೇ ಎಲ್ಲರ ವೇಗ. ಬಲಶಾಲಿಯು ಮುಂದೆ ನುಗ್ಗಿದರೆ ಗುಂಪು ಮುರಿಯಿತು. ಹಿಂದುಳಿದವನಿಗೆ ಪ್ರವಾಸವೇ ಶಿಕ್ಷೆಯಾಯಿತು. ಆದುದರಿಂದ ಮುಂದೆ ಹೋದವರು ಕಾಯಲು ಒಂದು ತಾಣ ಬೇಕು. ಕಾಯುವುದು ಬೇಸರವಾಗದಂತೆ ಅಲ್ಲಿ ನೆರಳು, ಬೆಂಚು, ಕುಡಿಯಲು ಏನಾದರೊಂದು ಇರಬೇಕು. ಬೆಲ್ಜಿಯಂ ದೇಶದಲ್ಲಿ ಈ ಕೆಲಸವನ್ನು ಎಷ್ಟೋ ಕಡೆ ಬಿಯರಿನ ಮನೆಗಳು ಮಾಡುತ್ತವೆ. ಒಂದೇ ಮೇಜಿನ ಸುತ್ತ ಅಜ್ಜ, ಮೊಮ್ಮಗಳು ಕುಳಿತಿರುವುದು ಅಲ್ಲಿ ವಿಶೇಷವಲ್ಲ. ಅಜ್ಜನ ಮುಂದೆ ಬಿಯರು, ಮೊಮ್ಮಗಳ ಮುಂದೆ ನಿಂಬೆಯ ಪಾನಕ. ಬೆಲ್ಜಿಯಂ ದೇಶದ ಬಿಯರಿನ ಸಂಸ್ಕೃತಿಯನ್ನು ಯುನೆಸ್ಕೊ ಸಂಸ್ಥೆ 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೇ ವರ್ಷ ಬ್ರೂಗ್ ಪಟ್ಟಣದಲ್ಲಿ ಸ್ವಾರಸ್ಯದ ಕಾರ್ಯವೊಂದು ನಡೆಯಿತು. ಕಾಲುವೆಗಳ ಆ ಹಳೆಯ ಊರಿನ ನಡುಮಧ್ಯದಲ್ಲಿ 1856ರಲ್ಲಿ ಆರಂಭವಾದ ‘ಡೆ ಹಾಲ್ವೆ ಮಾನ್’, ಎಂದರೆ ಅರ್ಧಚಂದ್ರ ಎಂಬ ಬಿಯರು ಮನೆಯುಂಟು. ಸೀಸೆಗೆ ತುಂಬುವ ಕಾರ್ಖಾನೆ ಊರ ಹೊರಗೆ. ಕಲ್ಲುಹಾಸಿನ ಕಿರುಬೀದಿಗಳಲ್ಲಿ ಬಿಯರು ಹೊತ್ತ ಲಾರಿಗಳು ದಿನವೂ ಗಡಗಡಿಸುತ್ತಿದ್ದವು. ಮಾಲೀಕರು ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿ ಉದ್ದದ ಕೊಳವೆ ಹಾಸಿ ಬಿಯರನ್ನು ಅದರಲ್ಲಿ ಹರಿಸಿದರು. ಖರ್ಚಿಗೆ ಸಾರ್ವಜನಿಕರೂ ಹಣ ಕೊಟ್ಟರು. ಹೆಚ್ಚು ಕೊಟ್ಟವರಿಗೆ ಜೀವಮಾನವಿಡೀ ಬಿಯರೆಂದು ಮಾತಾಯಿತು. ನಗೆಯ ಸಂಗತಿಯಂತೆ ತೋರಿದರೂ ಇದರ ಫಲ ಗಂಭೀರವಾದುದು. ಲಾರಿ ನೆಲದಡಿಗೆ ಹೋಯಿತು; ಬೀದಿ ನಡೆಯುವವನಿಗೂ ಬೈಸಿಕಲ್ಲಿನವನಿಗೂ ಮರಳಿ ದೊರೆಯಿತು.

ಬ್ರೂಗ್‌ನಿಂದ ನೈಋತ್ಯಕ್ಕೆ ತಿರುಗಿದರೆ ಈಪರ್ ಸಿಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಪೂರ್ತಿ ನೆಲಸಮವಾಗಿ ಮತ್ತೆ ಎದ್ದು ನಿಂತ ಊರು. 1914ರ ಅಕ್ಟೋಬರಿನಲ್ಲಿ ಭಾರತದ ಸೈನಿಕರೂ ಈ ಊರಿನ ಸುತ್ತಣ ಕೆಸರಿನ ಕಂದಕಗಳಲ್ಲಿ ಹೋರಾಡಿದರು. ಸಮಾಧಿಯೂ ದೊರೆಯದ 54,000ಕ್ಕೂ ಮಿಕ್ಕ ಯೋಧರ ಹೆಸರುಗಳನ್ನು ಅಲ್ಲಿಯ ಮೆನಿನ್ ದ್ವಾರದ ಗೋಡೆಗಳ ಮೇಲೆ ಕೆತ್ತಿದ್ದಾರೆ. ಅವುಗಳಲ್ಲಿ ಭಾರತೀಯರ ಹೆಸರುಗಳೂ ಇವೆ. 1928ರಿಂದ, ಎರಡನೆಯ ಯುದ್ಧದ ವರ್ಷಗಳನ್ನುಳಿದು, ಪ್ರತಿ ಸಂಜೆ ಎಂಟು ಗಂಟೆಗೆ ಆ ದ್ವಾರದಡಿಯಲ್ಲಿ ಕಹಳೆ ಊದುತ್ತಾರೆ. ಆಗ ದ್ವಾರದ ಕೆಳಗೆ ವಾಹನಸಂಚಾರ ನಿಲ್ಲುತ್ತದೆ. ಬೈಸಿಕಲ್ಲಿನ ಪ್ರವಾಸಿಗಳು ಹಿಡಿ ಹಿಡಿದು ತಲೆ ಬಾಗಿಸಿ ನಿಲ್ಲುತ್ತಾರೆ. ಒಂದು ಊರು ಸುಮಾರು ನೂರು ವರ್ಷಗಳಿಂದ ದಿನಕ್ಕೊಮ್ಮೆ ನಿಲ್ಲುವುದನ್ನು ರೂಢಿಸಿಕೊಂಡಿದೆ ಎಂಬುದು ಸಣ್ಣ ಮಾತಲ್ಲ.

ಈಪರ್‌ನಿಂದ ಹನ್ನೆರಡು ಕಿಲೋಮೀಟರಿನಷ್ಟು ಪಶ್ಚಿಮಕ್ಕೆ ಪೊಪೆರಿಂಗೆ. ಬಿಯರಿಗೆ ಕಹಿಯನ್ನೂ ಬಾಳಿಕೆಯನ್ನೂ ಕೊಡುವ ಹಾಪ್ ಬಳ್ಳಿಯ ತೋಟಗಳು ಇಲ್ಲಿ ಎತ್ತರದ ಕಂಬಗಳನ್ನು ಹಬ್ಬಿ, ನಮ್ಮ ವೀಳ್ಯದೆಲೆಯ ತೋಟಗಳನ್ನು ನೆನಪಿಗೆ ತರುತ್ತವೆ. ಇದೇ ಊರಿನಲ್ಲಿ ಟಾಲ್ಬಟ್ ಹೌಸ್ ಎಂಬ ಮನೆಯಿದೆ. 1915ರ ಡಿಸೆಂಬರಿನಲ್ಲಿ ಪಾದ್ರಿ ಫಿಲಿಪ್ ಕ್ಲೇಟನ್ ಕಂದಕದಿಂದ ಬಂದ ಸೈನಿಕರ ವಿಶ್ರಾಂತಿಗೆಂದು ಇದನ್ನು ತೆರೆದನು. ಒಳಗೆ ಬಂದ ಮೇಲೆ ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲ, ಮದ್ಯವಿಲ್ಲ, ಚಹಾ, ಪುಸ್ತಕ, ಪಿಯಾನೊ, ಹಿತ್ತಿಲಿನ ಹೂದೋಟ ಇವೇ ಉಪಚಾರ. ನಾಳೆ ಇರುತ್ತೇನೆಯೋ ಇಲ್ಲವೋ ಎಂಬವನಿಗೂ ಬೇಕಾದುದು ಪಾನೀಯಕ್ಕಿಂತ ಮೊದಲು ಕೂಡಲು ಒಂದು ತಾಣ. ಬಿಯರಿಗೆ ಹೆಸರಾದ ಊರಿನಲ್ಲಿಯೇ ಈ ಪಾಠ ದೊರೆಯುವುದು ಸೋಜಿಗ.

ಹತ್ತಿರದಲ್ಲಿಯೇ ವೆಸ್ಟ್‌ವ್ಲೆಟೆರೆನ್ ಹಳ್ಳಿ. 1831ರಲ್ಲಿ ಸ್ಥಾಪನೆಯಾದ ಸಂತ ಸಿಕ್ಸ್ಟಸ್ ಮಠದ ಸಂನ್ಯಾಸಿಗಳು ತಾವೇ ಬಿಯರು ತಯಾರಿಸುತ್ತಾರೆ. ಕೈಕೆಲಸದಿಂದ ಹೊಟ್ಟೆ ಹೊರೆಯಬೇಕೆಂಬುದು ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮ. ಸಂನ್ಯಾಸಿಗೆ ಮದ್ಯ ಸಲ್ಲದೆಂದು ಹೇಳುತ್ತ, ಈ ಮಾತಿಗೆ ಸಂನ್ಯಾಸಿಗಳು ಒಪ್ಪರಾದುದರಿಂದ ಮಿತವನ್ನಾದರೂ ಮೀರದಿರಲಿ ಎಂದು ಅದೇ ನಿಯಮ ಅಳತೆಯನ್ನು ಗೊತ್ತುಮಾಡುತ್ತದೆ. ಮನುಷ್ಯ ಸ್ವಭಾವವನ್ನು ಬಲ್ಲವನ ಮಾತು! ಲೋಕದಲ್ಲಿ ಇವರ ಬಿಯರಿಗೆ ಎಷ್ಟೇ ಬೇಡಿಕೆ ಬಂದರೂ ಮಠದ ನಿರ್ವಾಹಕ್ಕೆ ಬೇಕಾದುದಕ್ಕಿಂತ ಹೆಚ್ಚು ತಯಾರಿಸುವುದಿಲ್ಲ. ಕೊಳ್ಳುವವನು ಮೊದಲೇ ತಿಳಿಸಿ ಬರಬೇಕು, ಒಬ್ಬನಿಗೆ ಇಂತಿಷ್ಟೇ ಎಂಬ ಮಿತಿಯುಂಟು, ಕೊಂಡುದನ್ನು ಮಾರಬಾರದು. ಮಠದ ಜೀರ್ಣೋದ್ಧಾರಕ್ಕೆ ಹಣ ಬೇಕಾದಾಗ ಮಾತ್ರ 2011-12ರಲ್ಲಿ ಸ್ವಲ್ಪವನ್ನು ಹೊರಗೆ ಮಾರಿದರು. ಬಳಿಕ ಹಳೆಯ ಮಿತಿಗೆ ಮರಳಿದರು. ಸಾಕು ಎಂಬ ಮಾತನ್ನು ವ್ಯಾಪಾರದಲ್ಲಿ ಆಡಿ ಉಳಿದವರು ವಿರಳ.

ಈ ಬಿಯರುಗಳು ಸೌಮ್ಯವಾದವಲ್ಲ. ನೂರಕ್ಕೆ ಎಂಟು, ಒಂಬತ್ತು, ಹತ್ತರಷ್ಟು ಮದ್ಯಸಾರವುಳ್ಳವು ಹಲವು. ರಕ್ತದ ಲೀಟರಿಗೆ ಅರ್ಧ ಗ್ರಾಂ ಎಂಬ ಬೆಲ್ಜಿಯಂ ದೇಶದ ಮಿತಿ ಮೋಟಾರಿನವನಿಗೆ ಹೇಗೋ ಬೈಸಿಕಲ್ಲಿನವನಿಗೂ ಹಾಗೆಯೇ. ಆದುದರಿಂದ ತಿಳಿದ ತಂಡಗಳು ಹಗಲಿನ ನಿಲುಗಡೆಯಲ್ಲಿ ತಯಾರಿಕೆಯನ್ನು ನೋಡಿ, ಒಂದು ಸೀಸೆಯನ್ನು ನಾಲ್ವರು ಹಂಚಿಕೊಂಡು, ಉಳಿದುದನ್ನು ಬೈಸಿಕಲ್ಲಿಗೆ ಬೀಗ ಹಾಕಿದ ಸಂಜೆಗೆ ಮೀಸಲಿಡುತ್ತವೆ. ಭಾರತದ 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು ಮೋಟಾರು ವಾಹನಕ್ಕೆ ಸಂಬಂಧಿಸಿದುದು. ಬೈಸಿಕಲ್ಲು ಅದರ ಹೊರಗೆ. ಕಾಯಿದೆ ಬಿಟ್ಟರೂ ಎದುರಿನ ಲಾರಿ ಬಿಡುವುದಿಲ್ಲವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಂಗಳೂರಿಗೂ ಬಿಯರು ಹೊಸದಲ್ಲ. ದಂಡು ಪ್ರದೇಶದ ಸೈನಿಕರ ಕಾಲದಿಂದಲೇ ಅದು ಇಲ್ಲಿದೆ. 1885ರಲ್ಲಿ ಬೆಂಗಳೂರು ಬ್ರೂಯಿಂಗ್ ಕಂಪನಿ ಹುಟ್ಟಿತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬಿಯರು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದನು. ಆಗ ಭಾರಿ ಪೀಪಾಯಿಗಳಲ್ಲಿ ಬಿಯರು ಎತ್ತಿನಗಾಡಿಯ ಮೇಲೆ ಸಾಗುತ್ತಿತ್ತು. 1947ರಲ್ಲಿ ವಿಠಲ ಮಲ್ಯರು ಅದರ ನಿರ್ದೇಶಕರಾದರು. ಹಳೆಯ ಕಾರ್ಖಾನೆಯಿದ್ದ ನೆಲದ ಮೇಲೆ ಇಂದು ಯು.ಬಿ. ಸಿಟಿಯ ಗೋಪುರಗಳು ನಿಂತಿವೆ. 2021ರಲ್ಲಿ ಕಂಪನಿಯ ಹಿಡಿತ ಬೆಲ್ಜಿಯಂ ದೇಶದ ನೆರೆಯ ಹಾಲೆಂಡಿನ ಹೈನೆಕನ್ ಸಂಸ್ಥೆಯ ಕೈ ಸೇರಿತು. ಕಳೆದ ದಶಕದ ಆರಂಭದಿಂದ ಕಣ್ಣೆದುರಿನಲ್ಲಿಯೇ ಬಿಯರು ತಯಾರಿಸಿ ಬಡಿಸುವ ಭೋಜನಶಾಲೆಗಳೂ ನಗರದಲ್ಲಿ ತಲೆಯೆತ್ತಿವೆ. ಆದರೆ ಅವುಗಳ ಬಾಗಿಲಿಗೆ ಬೈಸಿಕಲ್ಲಿನ ಮೇಲೆ ಬರುವವರನ್ನು ಬೆರಳಿನಲ್ಲಿ ಎಣಿಸಬಹುದು. ಕುಡಿತ ಈ ನಾಡಿನ ಎಷ್ಟು ಮನೆಗಳನ್ನು ಮುರಿದಿದೆಯೆಂಬುದಕ್ಕೆ 2007ರ ಸಾರಾಯಿ ನಿಷೇಧವೇ ಸಾಕ್ಷಿ. ಬೆಲ್ಜಿಯಂ ದೇಶದಲ್ಲಿಯೂ ಕುಡುಕರಿಲ್ಲದಿಲ್ಲ. ಅಲ್ಲಿಂದ ತರಬೇಕಾದುದು ಸೀಸೆಯನ್ನಲ್ಲ, ಮೇಜನ್ನು. ಮೇಜಿಗಿಂತ ಮೊದಲು ಮೇಜಿನವರೆಗಿನ ದಾರಿಯನ್ನು.

ಬಾಗಲಗುಂಟೆಯ ಮುಖ್ಯರಸ್ತೆಯಲ್ಲಿ ಎರಡು ಬಗೆಯ ಬೈಸಿಕಲ್ಲುಗಳು ಕಾಣುತ್ತವೆ. ಪೀಣ್ಯ ಕೈಗಾರಿಕಾ ಪ್ರದೇಶದ ಪಾಳಿಗೆ ಊಟದ ಡಬ್ಬಿ ಕಟ್ಟಿಕೊಂಡು ಹೋಗುವವನದೊಂದು; ಭಾನುವಾರ ನಸುಕಿನಲ್ಲಿ ಶಿರಸ್ತ್ರಾಣ ಧರಿಸಿ ಹೆಸರಘಟ್ಟದ ಕಡೆಗೆ ಹೊರಡುವ ಗೆಳೆಯರದಿನ್ನೊಂದು. ಒಬ್ಬನಿಗೆ ಅದು ಅನ್ನದ ದಾರಿ, ಇನ್ನೊಬ್ಬರಿಗೆ ಆನಂದದ ದಾರಿ. ರಸ್ತೆ ಇಬ್ಬರನ್ನೂ ಸಮಾನವಾಗಿ ಅಂಚಿಗೆ ತಳ್ಳುತ್ತದೆ. 2024ರ ನವೆಂಬರಿನಲ್ಲಿ ಮಂಜುನಾಥನಗರದ ಮೆಟ್ರೊ ನಿಲ್ದಾಣ ತೆರೆಯಿತು, ಸಂತೋಷ. ಅದು ರೈಲಿನ ನಿಲ್ದಾಣ. ಬೈಸಿಕಲ್ಲಿನವನ ಟೈರು ಪಂಚರಾದರೆ ನಿಲ್ಲಲು ರಸ್ತೆಯ ಬದಿಯಲ್ಲಿ ಎರಡು ಗಜ ನೆಲ ಇನ್ನೂ ಬೇಕು.

ಈ ದಾರಿಗೆ ನೋಡತಕ್ಕ ತಾಣಗಳ ಕೊರತೆಯಿಲ್ಲ. ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದ ಕೆರೆ ಕಟ್ಟಿ, ಅಲ್ಲಿಂದ ಇಟ್ಟಿಗೆಯ ಕಾಲುವೆಯಲ್ಲಿ ಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಯಂತ್ರದಿಂದ ಮೇಲೆತ್ತಿ, 1896ರಲ್ಲಿ ಬೆಂಗಳೂರಿಗೆ ಮೊದಲ ನಳದ ನೀರು ಕೊಟ್ಟುದು ಇದೇ ಹಾದಿ. ತೋಟಗಾರಿಕೆಯ ಸಂಶೋಧನ ಸಂಸ್ಥೆ ಇಲ್ಲಿದೆ. 1990ರಲ್ಲಿ ಪ್ರೊತಿಮಾ ಬೇಡಿಯವರು ಕಟ್ಟಿದ ನೃತ್ಯಗ್ರಾಮ ಇಲ್ಲಿದೆ. ಕೆರೆಯೊಂದು, ಹಣ್ಣಿನ ತೋಟವೊಂದು, ನೃತ್ಯದ ಅಂಗಳವೊಂದು: ಇಷ್ಟು ನಿಲುಗಡೆಗಳಿರುವ ಹಾದಿಯನ್ನು ಲಿಂಬರ್ಗಿನವರು ಕಂಡಿದ್ದರೆ ಅಂಕೆ ಬರೆದು ಫಲಕ ನೆಡದೆ ಬಿಡುತ್ತಿರಲಿಲ್ಲ.

ಬಾಗಲಗುಂಟೆಯ ಹೆಸರಿನಲ್ಲಿಯೇ ಒಂದು ನಿಲುಗಡೆ ಅಡಗಿರುವಂತಿದೆ. ಕುಂಟೆ ಎಂದರೆ ಕಿರುಗೆರೆ; ಸಮಾಸದಲ್ಲಿ ಕಕಾರ ಗಕಾರವಾಗುವುದು ಆದೇಶ ಸಂಧಿಯೆಂದು ಶಾಲೆಯ ಮಕ್ಕಳೂ ಬಲ್ಲರು. ದನಕರುವೂ ದಾರಿಹೋಕನೂ ನೀರಿಗೆ ಬಾಗುತ್ತಿದ್ದುದು ಇಂಥ ಕುಂಟೆಗಳ ಬಳಿಯಲ್ಲಿಯೇ. ರಸ್ತೆ ಅಗಲಿಸುವಾಗ ಒಂದೊಂದು ಮೈಲಿಗೆ ಒಂದು ಹೊಂಗೆಯ ಮರ, ಒಂದು ಕುಡಿಯುವ ನೀರಿನ ನಲ್ಲಿ, ಒಂದು ಕಲ್ಲುಬೆಂಚು, ಬೈಸಿಕಲ್ಲು ಒರಗಿಸಲು ಒಂದು ಕಬ್ಬಿಣದ ಕಂಬಿ ಇರಿಸಿದರೆ ಮೇಲ್ಸೇತುವೆಯೊಂದರ ಖರ್ಚಿನ ಅಲ್ಪಾಂಶವೂ ತಗಲದು. ಪಾಳಿ ಮುಗಿಸಿ ಬಂದ ಕಾರ್ಮಿಕನೂ ಭಾನುವಾರದ ಸವಾರನೂ ಒಂದೇ ಬೆಂಚಿನ ಮೇಲೆ ಕುಳಿತು ನೀರು ಕುಡಿಯಬಹುದು. ಅಷ್ಟಾದರೆ ಮಕ್ಕಳನ್ನು ಬೈಸಿಕಲ್ಲು ಹತ್ತಿಸಿ ಆ ದಾರಿಗೆ ಕಳುಹಿಸಲು ತಾಯಂದಿರಿಗೆ ಧೈರ್ಯವೂ ಬಂದೀತು.